ಕಂಬಳಿಯ ಮೇಲೆ ಡ್ರಮ್ಸ್

“ಇದನ್ನ ಇಲ್ಲಿ ಹಾಸಿರೋನು ನನ್ ಮಗ ಅಲ್ಲ ಕಣವ್ವ.”

ಭೀಮಕ್ಕನ ಬೆರಳು ಇದ್ದದ್ದು ಡ್ರಮ್‌ಗಳ ಕಡೆಗಲ್ಲ, ಅವುಗಳ ಅಡಿಯಲ್ಲಿ ಹರಡಿದ್ದ ಕರಿ ಕಂಬಳಿಯ ಕಡೆಗೆ.

ಅಳತೆಯ ಟೇಪು ಹಿಡಿದು ಬಗ್ಗಿದ್ದ ಸಬ್ ಇನ್ಸ್‌ಪೆಕ್ಟರ್ ವನಜಾಕ್ಷಿ ನೆಟ್ಟಗಾದಳು. “ಯಾಕಮ್ಮ? ಕಂಬಳಿ ನಿಮ್ಮನೇದೇ ಅಂದ್ರಲ್ಲ ಈಗ?”

“ನಮ್ದೇಯ. ಅದ್ಕೇ ಹೇಳ್ತಿರೋದು. ವರ್ಸಕ್ಕೊಂದ್ಸಲ ದೇವ್ರನ್ನ ಕೂರ್ಸೋದು ಇದರ ಮ್ಯಾಲೆ. ಅಂಜಿನಿ ಇದನ್ನ ಮಡಚಿ ಗಾಡಿ ಮುಂದುಗಡೆ ಮಡಿಕ್ಕಂಡಿರ್ತಾನೆ. ಬಾರ್ಸೋಕೆ ಮುಂಚೆ ಮುಟ್ಟಿ ಕಣ್ಣಿಗೆ ಒತ್ಕತಾನೆ. ಅಂತಾದ್ನ ಕಾಲಡೀಗೆ ಹಾಕ್ಕಂಡಾನಾ? ಅದೂ ಶೂ ಇಕ್ಕಂಡು ತುಳ್ಯಾಕೆ?”

ಅಂಜಿನಮೂರ್ತಿ ಭಾನುವಾರದಿಂದ ಕಾಣೆಯಾಗಿದ್ದ. ಮಧುಗಿರಿಯ ‘ಗಿರಿನಾದ ಮೆಲೋಡೀಸ್’ ಆರ್ಕೆಸ್ಟ್ರಾದ ಈ ಡ್ರಮ್ಮರ್ ಕೊರಟಗೆರೆಯ ಈ ಕಲ್ಯಾಣ ಮಂಟಪದಲ್ಲಿ ಸಂಜೆಯ ಆರತಕ್ಷತೆಗೆಂದು ಕಿಟ್ ಜೋಡಿಸಿಟ್ಟು, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಮಾಲೀಕನಿಗೊಂದು ಮೆಸೇಜ್ ಕಳಿಸಿದ್ದ: ‘ನಾನು ಹೋಗ್ತಾ ಇದ್ದೀನಿ. ಹುಡುಕಬೇಡಿ.’ ಆಮೇಲೆ ಫೋನ್ ಬಂದ್. ಅದು ಕೊನೆಯ ಬಾರಿ ಸಿಕ್ಕಿದ್ದು ಕೊರಟಗೆರೆಯ ಟವರ್‌ಗೆ. ಹಾಗಾಗಿ ಎರಡು ದಿನದಿಂದ ಹುಡುಕಾಟವೆಲ್ಲ ಕೊರಟಗೆರೆಯ ಬಸ್ ನಿಲ್ದಾಣ, ಚನ್ನರಾಯನದುರ್ಗದ ಬೆಟ್ಟ, ಬೆಂಗಳೂರಿನ ದಾರಿ, ಇಷ್ಟರಲ್ಲೇ ಸುತ್ತುತ್ತಿತ್ತು.

ಇವತ್ತು ಮಂಗಳವಾರ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನು ಮಧುಗಿರಿ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಬೇಕಿತ್ತು. ಹನ್ನೆರಡು ದಿನದ ಹಿಂದೆ ಸಿರಾ ರಸ್ತೆಯಲ್ಲಿ ದೊಡ್ಡರಂಗಯ್ಯ ಎಂಬ ಕುರಿ ಕಾಯುವ ಮುದುಕನಿಗೆ ಗುದ್ದಿ, ಸಾಯಿಸಿ ಹೋದ ಕಾರನ್ನು ಕಂಡವನು ಅವನೊಬ್ಬನೇ. ಕಾರು ಯಾರದು ಎಂದು ವನಜಾಕ್ಷಿ ಮೂರು ಸಲ ಕೇಳಿದ್ದಳು. ‘ಒಂದೇ ಸಲ ಹೇಳ್ತೀನಿ ಮೇಡಂ, ಜಡ್ಜ್ ಮುಂದೆ,’ ಎಂದಿದ್ದ. ಅವನಿಲ್ಲದಿದ್ದರೆ ಆ ಕಾರಿಗೆ ಹೆಸರೂ ಇಲ್ಲ, ನಂಬರೂ ಇಲ್ಲ.

ಹೆದರಿ ಓಡಿದ್ದಾನೆ, ಇಲ್ಲವೇ ಓಡಲಾರದ ಹಾಗೆ ಮಾಡಿದ್ದಾರೆ. ಯಾವುದೆಂದು ತಿಳಿಯಲು ವನಜಾಕ್ಷಿಯ ಬಳಿ ಇದ್ದದ್ದು ಈ ಡ್ರಮ್ ಕಿಟ್ ಒಂದೇ. ಅದೂ ಮೂರು ಗಂಟೆಯವರೆಗೆ ಮಾತ್ರ. ನಾಳೆ ಇಲ್ಲಿ ಇನ್ನೊಂದು ಮದುವೆ; ವೇದಿಕೆ ಖಾಲಿ ಮಾಡಿಕೊಡಿ ಎಂದು ಮಂಟಪದವರು ಬೆಳಿಗ್ಗೆಯಿಂದ ನಾಲ್ಕು ಸಲ ಬಂದು ಹೋಗಿದ್ದರು.

“ಅವ್ವಾ, ನೆಲ ನೋಡಿ.” ಆರ್ಕೆಸ್ಟ್ರಾದ ಮಾಲೀಕ ನಾಗಭೂಷಣ್ ಶೂ ತುದಿಯಿಂದ ವೇದಿಕೆಯ ನುಣುಪು ಕಲ್ಲನ್ನು ತಟ್ಟಿದ. ನಲವತ್ತೈದರ ಆಳು, ಕೀಬೋರ್ಡ್ ನುಡಿಸುವವನು, ದನಿಯಲ್ಲಿ ಯಾವಾಗಲೂ ಮೈಕಿನ ನಯ. “ಬೇಸ್ ಡ್ರಮ್ಮಿಗೆ ಒದ್ದ ಹಾಗೆಲ್ಲ ಅದು ಮುಂದಕ್ಕೆ ಜಾರುತ್ತೆ. ಅಡಿಗೆ ಏನಾದ್ರೂ ಹಾಸ್ಲೇಬೇಕು. ಪಾಪ, ಅವಸರದಲ್ಲಿ ಕೈಗೆ ಸಿಕ್ಕಿದ್ದು ಹಾಸಿದಾನೆ.”

“ಅದ್ಕೆ ಜಮಖಾನ ಐತಲ್ಲಪ್ಪ, ನೀಲಿ ಪಟ್ಟೇದು.”

“ಹೌದು ಮೇಡಂ,” ಎಂದ ಕಿರಣ್ ಕುಮಾರ್. ಸಿರಾದ ಇನ್ನೊಂದು ಆರ್ಕೆಸ್ಟ್ರಾದ ಡ್ರಮ್ಮರ್. ಕಿಟ್ಟನ್ನು ಓದಿ ಹೇಳಲು ವನಜಾಕ್ಷಿಯೇ ಕರೆಸಿಕೊಂಡಿದ್ದಳು. “ಆ ಜಮಖಾನದ ಮೇಲೆ ಅಂಜಿನಣ್ಣ ಬಿಳಿ ಟೇಪ್ ಅಂಟಿಸ್ಕಂಡವ್ರೆ. ಸ್ಟ್ಯಾಂಡಿನ ಕಾಲು ಇಲ್ಲಿ, ಪೆಡಲ್ ಇಲ್ಲಿ ಅಂತ. ಯಾವ ಊರಿಗೆ ಹೋದ್ರೂ ಮೊದ್ಲು ಅದನ್ನ ಹಾಸಿ, ಗುರುತಿನ ಮೇಲೆ ಒಂದೊಂದೇ ಇಟ್ಕತಾ ಹೋಗೋದು. ಇಪ್ಪತ್ತು ನಿಮಿಷಕ್ಕೆ ರೆಡಿ.”

ಜಮಖಾನ ವೇದಿಕೆಯ ಮೇಲಿರಲಿಲ್ಲ. ಮಂಟಪದ ಹಿಂದೆ ನಿಂತಿದ್ದ ಅಂಜಿನಮೂರ್ತಿಯ ಲಗೇಜ್ ಆಟೋದಲ್ಲೂ ಇರಲಿಲ್ಲ.

ವನಜಾಕ್ಷಿ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡಳು. ಒಂದು ಅಳತೆಯನ್ನು ಎರಡು ಸಲ ತೆಗೆಯದೆ ನಂಬಬಾರದೆಂಬುದು ಬಿಎಸ್ಸಿಯ ಪ್ರಯೋಗಾಲಯದಲ್ಲಿ ಕಲಿತ ಅಭ್ಯಾಸ. ತಾಯಿಯ ಮಾತು ಒಂದು ಅಳತೆ. ಎರಡನೆಯದು ಬೇಕಿತ್ತು.

“ಜಮಖಾನ ಜಾಗ ಹೇಳುತ್ತೆ. ಎತ್ತರದ ಲೆಕ್ಕ ಹೇಗೆ?”

“ಅದಕ್ಕೆ ಕೆಂಪು ಗೆರೆ ಮೇಡಂ.” ಕಿರಣ್ ಕಂಚಿನ ತಟ್ಟೆ ಹೊತ್ತ ಸಿಂಬಲ್ ಸ್ಟ್ಯಾಂಡಿನ ಹತ್ತಿರ ಮಂಡಿಯೂರಿದ. “ಒಂದು ಕೊಳವೆ ಒಳಗೆ ಇನ್ನೊಂದು ಕೊಳವೆ. ಎಲ್ಲಿಗೆ ಎಳೆದು ಬಿಗಿ ಮಾಡ್ಬೇಕೋ ಅಲ್ಲಿ ನೇಲ್ ಪಾಲಿಶಲ್ಲಿ ಗೆರೆ ಹಾಕಿರ್ತಾರೆ. ತಂಗೀದು ಕದ್ದು ಹಚ್ಚಿದ್ದು ಅಂತ ನಗೋರು. ಇಲ್ಲೇ ಇರ್ಬೇಕು... ಎಲ್ಲೋಯ್ತು ಇದು?”

ಗೆರೆ ಇರಲಿಲ್ಲ. ಎರಡನೆಯ ಸ್ಟ್ಯಾಂಡಿನಲ್ಲೂ ಇರಲಿಲ್ಲ. ಜೋಡಿ ತಟ್ಟೆಯ ಹೈ-ಹ್ಯಾಟ್ ಸ್ಟ್ಯಾಂಡಿನಲ್ಲೂ ಇಲ್ಲ.

“ಒಂದನ್ನು ಮಾತ್ರ ಸಡಿಲಿಸಿ. ಸೀಟು ಮುಟ್ಟಬೇಡಿ.”

ಕಿರಣ್ ತಿರುಪು ತಿರುಗಿಸಿ ಒಳಗಿನ ಕೊಳವೆಯನ್ನು ಮೆಲ್ಲಗೆ ಮೇಲೆಳೆದ. ಒಂದು ಬೆರಳು, ಎರಡು ಬೆರಳು, ಅಂಗೈ ಅಗಲ. ಆಗ ಉಕ್ಕಿನ ಬಾಯಿಂದ ಕೆಂಪು ಗೆರೆ ಹೊರಗೆ ಬಂತು.

ವನಜಾಕ್ಷಿ ಅಳೆದಳು. ಮತ್ತೆ ಅಳೆದಳು. ಒಂಬತ್ತು ಸೆಂಟಿಮೀಟರ್.

“ಯಾರೋ ಕುಳ್ಳು ಮೇಡಂ,” ಎಂದ ಕಿರಣ್. “ಅಂಜಿನಣ್ಣ ಹತ್ರತ್ರ ಆರಡಿ. ಈ ಎತ್ತರಕ್ಕೆ ಅವ್ರು ಕೂತ್ರೆ ಸಿಂಬಲ್ ಹೊಡೆಯೋಕೆ ಮಂಡಿ ಮೇಲೆ ಬಗ್ಗಬೇಕಾಗ್ತದೆ.”

ಉತ್ತರ ಕೈಗೆ ಸಿಕ್ಕಾಗ ಅದನ್ನು ಬಾಯೊಳಗೇ ತಡೆದುಕೊಳ್ಳುವುದು ವನಜಾಕ್ಷಿಗೆ ಎಂದೂ ಬಂದಿರಲಿಲ್ಲ. “ಹಾಗಾದರೆ ಭಾನುವಾರ ಇಲ್ಲಿ ಕಿಟ್ ಜೋಡಿಸಿದ್ದು ಬೇರೆ ಯಾರೋ. ಅಂಜಿನಮೂರ್ತಿ ಕೊರಟಗೆರೆಗೆ ಬಂದೇ ಇಲ್ಲ.”



“ಏನ್ ಮೇಡಂ ನೀವು!” ನಾಗಭೂಷಣ್ ನಕ್ಕ. “ಮಂಟಪದ ವಾಚ್‌ಮನ್ ಭಾನುವಾರ ಅವನನ್ನ ನೋಡಿದಾನಲ್ಲ. ಡ್ರಮ್ಸ್ ಬಾರಿಸಿದ್ದನ್ನೂ ಕೇಳಿದಾನೆ.”

“ನೋಡಿದ್ದು ಬೆನ್ನ ಕಡೆಯಿಂದ. ನಿಮ್ಮ ಆರ್ಕೆಸ್ಟ್ರಾದ ಕರಿ ಟೀ ಶರ್ಟು, ಕ್ಯಾಪು, ಮಾಸ್ಕು. ಟೀ ಶರ್ಟಿನ ಮೇಲೆ ಗಿರಿನಾದ ಅಂತ ಇತ್ತು, ಅಂಜಿನಮೂರ್ತಿ ಅಂತ ಇರಲಿಲ್ಲ.”

ನಾಗಭೂಷಣನ ನಗು ಮುಖದ ಮೇಲೇ ನಿಂತಿತು. ಅವನು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. “ಅಂದ್ರೆ ಎಲ್ಲೋ ಬೇರೆ ಕಡೆ ಇದಾನೆ ಅಂತಾನಾ?”

“ಇರಬಹುದು.”

ಭೀಮಕ್ಕ ಬಾಯಿಗೆ ಸೆರಗು ಹಿಡಿದಿದ್ದಳು. ಎರಡು ದಿನದಿಂದ ಕಲ್ಲಾಗಿದ್ದ ಆ ಮುಖದಲ್ಲಿ ಏನೋ ಕದಲಿತು. ಅವಳ ಕಣ್ಣು ಯಾವುದೋ ದೂರದ ಜಾಗವನ್ನು ನೋಡುತ್ತಿತ್ತು.

“ಅಮ್ಮ, ಅವನು ಎಲ್ಲಿರಬಹುದು ಅಂತ ನಿಮಗೇನಾದ್ರೂ ಹೊಳೀತಾ?”

ಭೀಮಕ್ಕ ವನಜಾಕ್ಷಿಯ ಹೆಗಲ ಮೇಲಿನ ನಕ್ಷತ್ರಗಳನ್ನು ನೋಡಿದಳು, ಮತ್ತೆ ನೆಲ ನೋಡಿದಳು. “ನಂಗೇನ್ ಗೊತ್ತು ಕಣವ್ವ. ನಾನು ಮನೀಗ್ ಹೋಯ್ತೀನಿ. ಮ್ಯಾಕೆ ಕಟ್ಟಾಕಿ ಬಂದಿವ್ನಿ, ನೀರಿಲ್ದೆ ಅರಚ್ಕತಿರ್ತವೆ.”

“ಬನ್ನಿ ಅವ್ವ, ನಾನೇ ಬಿಟ್ಟು ಬರ್ತೀನಿ,” ಎಂದ ನಾಗಭೂಷಣ್. “ಎಷ್ಟು ಸಲ ನಿಮ್ಮನೇಲಿ ಉಂಡಿದೀನಿ, ಬಿಸಿಲಲ್ಲಿ ಬಸ್ಸಿಗೆ ಕಳಿಸ್ತೀನಾ?”

“ನಿನ್ ಹೊಟ್ಟೆ ತಣ್ಣಗಿರ್ಲಿ ಕಣಪ್ಪ.”

ಅವರಿಬ್ಬರೂ ಮಂಟಪದ ಬಾಗಿಲು ದಾಟಿದಾಗ ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಬೂದು ಬಣ್ಣದ ಕಾರು ಮಧುಗಿರಿಯ ಕಡೆಗೆ ತಿರುಗಿದ್ದನ್ನು ವನಜಾಕ್ಷಿ ಕಿಟಕಿಯಿಂದ ಕಂಡಳು, ಮತ್ತೆ ಕಿಟ್ಟಿಗೆ ಮರಳಿದಳು.

“ಕುಳ್ಳು ಅಂದ್ರಿ. ಕಿಟ್ ಕದ್ದು ತಂದು ಜೋಡಿಸಿರೋ ಯಾವನೋ ಹೊರಗಿನವನು ಅನ್ನೋಣವಾ?”

ಕಿರಣ್ ತಲೆ ಕೆರೆದುಕೊಂಡ. “ಅಲ್ಲೇ ಮೇಡಂ ನಂಗೆ ತಲೆ ಕೆಡ್ತಿರೋದು. ಅಳತೆ ತಪ್ಪು. ಆದ್ರೆ ಆಯ್ಕೆ ಎಲ್ಲ ಸರಿ ಇದಾವೆ.”

“ಬಿಡಿಸಿ ಹೇಳಿ.”

“ಅಂಜಿನಣ್ಣನ ಹತ್ರ ಎರಡು ಕಿಟ್. ಒಂದು ಬಯಲಿಗೆ, ಒಂದು ಮಂಟಪಕ್ಕೆ. ಬಯಲಲ್ಲಿ ಸದ್ದು ಹಂಗೇ ಹರಡಿ ಹೋಗ್ತದೆ. ಅಲ್ಲಿಗೆ ದೊಡ್ಡ ಬೇಸ್ ಡ್ರಮ್ಮು, ಬಡಿಯೋ ಬಾಯಿಗೆ ದಪ್ಪ ಹಾಳೆ, ಮಂಡಿ ನಡುವೆ ಇಡೋ ಸ್ನೇರ್ ಡ್ರಮ್ಮು ಹಿತ್ತಾಳೇದು. ಅದನ್ನೇ ಈ ತಗಡಿನ ಚಾವಣಿ ಕೆಳಗೆ ಬಾರ್ಸಿದ್ರೆ ಊಟಕ್ಕೆ ಕೂತೋರು ಎಲೆ ಬಿಟ್ಟು ಎದ್ದೋಗ್ತಾರೆ. ನಮ್ ಥರದೋರಿಗೆ ಒಂದೇ ಕಿಟ್ಟು, ಎಲ್ಲಾ ಕಡೇಗೂ ಅದೇ. ನೋಡಿ, ಇಲ್ಲಿಗೆ ಸಣ್ಣ ಕಿಟ್ಟೇ ಬಂದೈತೆ. ಸ್ನೇರು ಮರದ್ದು.”

ಅವನು ಬೇಸ್ ಡ್ರಮ್ಮಿನ ಮುಂದಿನ ತೂತಿಗೆ ಮೊಬೈಲಿನ ಬೆಳಕು ಬಿಟ್ಟ. “ಒಳಗೆ ದಿಂಬು. ಒದೆಯೋ ಕಡೆ ಹಾಳೆಗೆ ಒತ್ತಿದಂಗೆ, ಮುಂದಿನ ಹಾಳೆಗೆ ತಾಕದಂಗೆ. ಅದಕ್ಕೇ ಅವ್ರ ಡ್ರಮ್ಮು ಎದೆಗೆ ಗುದ್ದಿದಂಗಿರ್ತದೆ, ಗುಂಯ್ ಅನ್ನಲ್ಲ. ಈ ಗುಟ್ಟು ಹೊರಗಿನೋರಿಗೆ ಗೊತ್ತಿಲ್ಲ.”

“ನಿಮಗೆ?”

“ನಂಗಾ? ನಾವು ಪೈಪೋಟಿ ಮೇಡಂ, ಹೇಳಿಕೊಡ್ತಾರಾ? ನಾನೂ ಈಗ್ಲೇ ನೋಡಿದ್ದು. ನಾಳೆಯಿಂದ ನಾನೂ ಹಂಗೇ ಇಡ್ತೀನಿ, ಯಾರಿಗೂ ಹೇಳ್ಬ್ಯಾಡಿ.” ಅವನು ತಾನೇ ನಕ್ಕು, ನಗು ನಿಲ್ಲಿಸಿದ. “ಇದು ಇಡೀ ಕಿಟ್ಟು ಅಂಜಿನಣ್ಣನ ತಲೆ ಮೇಡಂ. ಮೈ ಮಾತ್ರ ಬೇರೆಯವರದ್ದು.”

“ಒಂದು ನಿಮಿಷ ಕೂತುಕೊಳ್ಳಿ.”

ಕಿರಣ್ ಶೂ ಕಾಲಲ್ಲೇ ಕಂಬಳಿ ಹತ್ತಿ ಸೀಟಿನ ಮೇಲೆ ಕುಳಿತ. ಮಂಡಿಗಳು ಎದ್ದು ಸ್ನೇರಿಗೆ ಬಡಿದವು. ಕೂಡಲೇ ಅವನ ಕೈ ಸೀಟಿನ ಅಡಿಯ ತಿರುಪಿಗೆ ಹೋಯಿತು.

“ಮುಟ್ಟಬೇಡಿ ಅಂದೆ.”

“ಸಾರಿ ಮೇಡಂ, ಕೈ ತಾನೇ ಹೋಗ್ತದೆ. ಇನ್ನೊಬ್ಬರ ಸೀಟು ಅಂದ್ರೆ ಇನ್ನೊಬ್ಬರ ಅಂಗಿ ಇದ್ದಂಗೆ.”

ಅವನು ಎದ್ದು ಹೋದಾಗ ಕರಿ ಉಣ್ಣೆಯ ಮೇಲೆ ಎರಡು ಬೂದು ಕಲೆ ಉಳಿದವು. ಶೂ ತಳದ ಮಣ್ಣು, ಪಟ್ಟೆ ಪಟ್ಟೆ.

ವನಜಾಕ್ಷಿ ಆ ಕಲೆಗಳನ್ನು ನೋಡುತ್ತಲೇ ನಿಂತಳು.

ಆ ಎರಡು ಕಲೆಗಳನ್ನು ಬಿಟ್ಟರೆ ಕಂಬಳಿಯ ಮೇಲೆ ಬೇರೆ ಮಣ್ಣೇ ಇರಲಿಲ್ಲ.

ಅವಳು ಟಾರ್ಚ್ ಹಿಡಿದು ಮಂಡಿಯೂರಿದಳು. ಬೆಳಕನ್ನು ನೆಲಕ್ಕೆ ಸಮನಾಗಿ, ಅಡ್ಡ ಹಾಯಿಸಿದಳು. ಭಾನುವಾರ ಯಾರೋ ಎಷ್ಟೋ ಹೊತ್ತು ಇದರ ಮೇಲೆ ಓಡಾಡಿದ್ದಾರೆ, ಎಂಟು ಸ್ಟ್ಯಾಂಡು ಎಳೆದಾಡಿದ್ದಾರೆ. ಉಣ್ಣೆ ಧೂಳನ್ನು ಬಿಡುವ ವಸ್ತುವಲ್ಲ. ಆದರೂ ಒಂದು ಹೆಜ್ಜೆಯ ಗುರುತಿಲ್ಲ.

ನಂತರ ಬೆಳಕು ಪೆಡಲಿನ ಉಕ್ಕಿನ ತಟ್ಟೆಯ ಮೇಲೆ ಬಿತ್ತು.

ಐದು ಬೆರಳು. ಬೆವರಿಗೆ ಮಸುಕಾಗಿ ಒಣಗಿದ, ಸಣ್ಣ ಬರಿಗಾಲಿನ ಐದು ಬೆರಳು.

“ಅಂಜಿನಮೂರ್ತಿ ಬರಿಗಾಲಲ್ಲಿ ಬಾರಿಸ್ತಾನಾ?”

“ಇಲ್ವೇ ಇಲ್ಲ. ಶೂ ಹಾಕ್ದೆ ಪೆಡಲ್ ಮುಟ್ಟಲ್ಲ ಅಣ್ಣ.”

ವನಜಾಕ್ಷಿ ಹಿಮ್ಮಡಿಯ ಮಸುಕು ಗುರುತಿನಿಂದ ಬೆರಳ ತುದಿಗೆ ಟೇಪು ಇಟ್ಟಳು. ಇಪ್ಪತ್ತೆರಡೂವರೆ ಸೆಂಟಿಮೀಟರ್. ತನ್ನ ಕಾಲಿಗಿಂತ ಚಿಕ್ಕದು.

ಭೀಮಕ್ಕನ ಮಾತನ್ನು ತಾನು ಅರ್ಧ ಮಾತ್ರ ಓದಿದ್ದೆ ಎನ್ನಿಸಿತು. ಮಗ ಇದನ್ನು ಹಾಸುವುದಿಲ್ಲ, ಆದ್ದರಿಂದ ಹಾಸಿದವನು ಹೊರಗಿನವನು ಎಂದು ವನಜಾಕ್ಷಿ ಅಂದುಕೊಂಡಿದ್ದಳು. ಹೊರಗಿನವನಿಗೆ ಇದು ಬರೀ ಕಂಬಳಿ. ಕಿರಣ್ ಹತ್ತಿದ ಹಾಗೆ ಶೂ ಕಾಲಲ್ಲೇ ಹತ್ತುತ್ತಿದ್ದ. ಬೇರೆ ದಾರಿಯಿಲ್ಲದೆ ಇದನ್ನು ಹಾಸಿ, ಹಾಸಿದ ಮೇಲೂ ಕಾಲಲ್ಲಿದ್ದದ್ದನ್ನು ಕಳಚಿಟ್ಟು ಹತ್ತಿದವರು ಆ ಮನೆಯವರು.

ಆ ಮನೆಯಲ್ಲಿ ಇದ್ದವರು ಮೂರೇ ಜನ.

ಅವಳು ಅಂಜಿನಮೂರ್ತಿಯ ತಂಗಿ ಕೆಲಸ ಮಾಡುವ, ಮಧುಗಿರಿಯ ಒಂದು ರಕ್ತಪರೀಕ್ಷೆ ಲ್ಯಾಬಿನ ನಂಬರಿಗೆ ಫೋನ್ ಮಾಡಿದಳು. “ದಿವ್ಯಾ, ನಿಮ್ಮಣ್ಣನ ಸಾಮಾನು ಮನೆಗೆ ಕಳಿಸ್ತಿದೀವಿ. ಒಂದು ಸಹಿ ಬೇಕು. ಕೊರಟಗೆರೆಗೆ ಬಂದು ಹೋಗಮ್ಮ.”

*

ದಿವ್ಯಾ ಬಂದಾಗ ಒಂದು ಗಂಟೆ ದಾಟಿತ್ತು. ಇಪ್ಪತ್ತಮೂರು ವರ್ಷ, ಲ್ಯಾಬಿನ ಬಿಳಿ ಕೋಟನ್ನು ಮಡಚಿ ಬ್ಯಾಗಿಗೆ ತುರುಕಿಕೊಂಡಿದ್ದಳು. ಬಸ್ಸಿನ ಧೂಳು, ನಿದ್ದೆಗೆಟ್ಟ ಕಣ್ಣು.

“ಎಲ್ಲಿ ಮೇಡಂ ಸಹಿ?”

“ಮಾಡುವಿಯಂತೆ. ಮೊದಲು ಎಲ್ಲ ಸಾಮಾನೂ ಇದೆಯಾ ನೋಡಿ ಹೇಳು. ಹತ್ತಿರ ಹೋಗು.”

ಕಿರಣನಿಗೆ ಹೊರಗೆ ಕಾಫಿ ಕುಡಿದು ಬರಲು ಹೇಳಿ ಆಗಿತ್ತು. ವೇದಿಕೆಯ ಮೇಲೆ ಇಬ್ಬರೇ.

ದಿವ್ಯಾ ಕಂಬಳಿಯ ಅಂಚಿಗೆ ಬಂದಳು. ಶೂ ಗುರುತಿನ ಎರಡು ಕಲೆ ಕಂಡು ಅವಳ ಹುಬ್ಬು ಗಂಟಿಕ್ಕಿತು. ಬಗ್ಗಿ ಅಂಗೈಯಿಂದ ಅವನ್ನು ಒರೆಸಿದಳು. ಆಮೇಲೆ ಮುಂದೆ ಹೆಜ್ಜೆ ಇಟ್ಟಳು.

“ಕೂತ್ಕೊ.”

“ಎಲ್ಲ್ ಮೇಡಂ?”

“ಅಲ್ಲೇ. ನಿಮ್ಮಣ್ಣನ ಸೀಟಲ್ಲಿ.”

“ನಂಗ್ಯಾಕೆ...”

“ಕೂತ್ಕೊಳಮ್ಮ.”

ಅವಳು ಕುಳಿತಳು. ತೊಡೆ ನೆಲಕ್ಕೆ ಸಮವಾಗಿ ನಿಂತಿತು. ಮೊಣಕೈ ಪಕ್ಕೆಗೆ ತಾಕಿಕೊಂಡೇ ಅಂಗೈ ಸ್ನೇರಿನ ಮೇಲೆ ಬಂತು. ಎಲ್ಲೂ ಎಳೆದದ್ದಿಲ್ಲ, ಎಲ್ಲೂ ಮುದುಡಿದ್ದಿಲ್ಲ. ಬಲಗಾಲು, ಕಣ್ಣು ನೋಡುವ ಮುಂಚೆಯೇ, ಪೆಡಲಿನ ಮೇಲೆ ಹೋಗಿ ಕುಳಿತಿತ್ತು.

“ಅಂಗಿ ಸರಿಯಾಗಿ ಹೊಂದಿತಲ್ಲ,” ಎಂದಳು ವನಜಾಕ್ಷಿ.

“ಯಾವ್ ಅಂಗಿ?”

“ನಿನ್ನ ಚಪ್ಪಲಿ ಎಲ್ಲಿ ದಿವ್ಯಾ?”

ದಿವ್ಯಾ ತನ್ನ ಕಾಲು ನೋಡಿಕೊಂಡಳು. ನಂತರ ಕಂಬಳಿಯ ಅಂಚನ್ನು. ಅಲ್ಲಿ ಚಪ್ಪಲಿಗಳೆರಡೂ ಜೋಡಿಯಾಗಿ, ಗುಡಿಯ ಮುಂದೆ ಬಿಟ್ಟ ಹಾಗೆ, ಹೊರಮುಖವಾಗಿ ಇದ್ದವು. ಯಾವಾಗ ಬಿಟ್ಟೆನೆಂದು ಅವಳಿಗೇ ನೆನಪಿದ್ದಂತಿರಲಿಲ್ಲ.

“ನಿನಗಿಂತ ಮುಂಚೆ ಕಿರಣ್ ಶೂ ಕಾಲಲ್ಲೇ ಹತ್ತಿದ. ನಾನೂ ಬೂಟು ಕಾಲಲ್ಲೇ ಹತ್ತಲಿದ್ದೆ. ಭಾನುವಾರ ಹತ್ತಿದವರು ಹಾಗೆ ಹತ್ತಲಿಲ್ಲ. ನಿನ್ನ ಕಾಲಡಿ ಇರೋ ತಟ್ಟೆ ಮೇಲೆ ಐದು ಬೆರಳಿನ ಗುರುತಿದೆ, ಫೋಟೊ ತೆಗೆದಾಗಿದೆ. ಅಳೆಯಲಾ?”

ದಿವ್ಯಾ ಕಾಲು ಹಿಂದಕ್ಕೆ ಎಳೆದುಕೊಂಡಳು.

“ನಾನೇ,” ಎಂದಳು.

“ಆಟೋ ಓಡಿಸಿದ್ದು?”

“ನಾನೇ. ಅಣ್ಣಂದೇ ಟೀ ಶರ್ಟು. ಜೋಡ್ಸೋಕೆ ಮುಕ್ಕಾಲು ಗಂಟೆ ಆಯ್ತು. ಜಮಖಾನ ಅಣ್ಣ ಹೊದ್ಕಳಕ್ಕೆ ತಗಂಡ್ ಹೋಗ್ಬುಟ್ಟಿದ್ದ. ಈ ಕಲ್ಲಲ್ಲಿ ಡ್ರಮ್ಮು ಜಾರ್ತಿತ್ತು. ಗಾಡೀಲಿ ಇನ್ನೇನೂ ಇರ್ಲಿಲ್ಲ. ಕೈ ಮುಗ್ದು ಹಾಸ್ದೆ.” ಅವಳು ಬಗ್ಗಿ ಕಂಬಳಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. “ಅವ್ವಂಗೆ ಹೇಳ್ಬ್ಯಾಡಿ.”

“ಸುಮ್ಮನೆ ಜೋಡಿಸಿಟ್ಟು ಹೋಗಬಹುದಿತ್ತು. ಬಾರಿಸಿದ್ದು ಯಾಕೆ? ಯಾರಾದ್ರೂ ಬಂದು ನೋಡಿದ್ರೆ?”

ಮೊದಲ ಬಾರಿ ಅವಳ ತುಟಿಯಲ್ಲಿ ನಗುವಿನ ನೆರಳು ಸುಳಿಯಿತು. “ಕೂತ್ಕಂಡ್ ಮೇಲೆ ಕೈ ಮಾತು ಕೇಳ್ಲಿಲ್ಲ ಮೇಡಂ. ಹತ್ತು ವರ್ಷದಿಂದ ಹಿತ್ಲಲ್ಲಿ ಅಣ್ಣ ಕಲಿಸವ್ನೆ. ಒಳಗಿರೋ ಅವ್ವ, ಅಣ್ಣನೇ ಬಾರಿಸ್ತವ್ನೆ ಅನ್ಕಂಡಿರ್ತಾಳೆ. ಸ್ಟೇಜ್ ಮೇಲೆ ಒಂದ್ ಸಲಾನೂ ಕೂತಿರ್ಲಿಲ್ಲ. ಎರಡೇ ನಿಮಿಷ.”

“ಮೆಸೇಜೂ ನಿಂದೇ.”

“ಅಣ್ಣನ ಫೋನು ನನ್ನತ್ರ ಇತ್ತು. ಇಲ್ಲಿಂದ್ಲೇ ಕಳಿಸಿ ಆಫ್ ಮಾಡಿದ್ರೆ ಇಲ್ಲೇ ಹುಡುಕ್ತಾರೆ ಅಂತ ಅಣ್ಣನೇ ಹೇಳಿದ್ದು. ಇಲ್ಲಿಂದ ಬೆಂಗಳೂರಿಗೆ ಓಡೋದ ಅನ್ಕಳ್ಲಿ, ಬುಧವಾರ ಬೆಳಿಗ್ಗೆ ನೇರ ಕೋರ್ಟಿಗೇ ಬತ್ತೀನಿ ಅಂದ.”

ವನಜಾಕ್ಷಿಯ ಎದೆಯಿಂದ ಎರಡು ದಿನದ ಭಾರ ಇಳಿಯಿತು. ಬದುಕಿದ್ದಾನೆ. ನಾಳೆ ಬರುತ್ತಾನೆ.

“ಯಾರು ಹಾಗೆ ಅನ್ಕೋಬೇಕಿತ್ತು? ನನಗೂ ಹೇಳದೆ ಅಡಗಿಕೊಳ್ಳುವಂಥ ಭಯ ಯಾರದು?”

ದಿವ್ಯಾ ಸ್ನೇರಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ನಾಳೆ ಅವನು ಹೇಳೇ ಹೇಳ್ತಾನೆ. ಅಲ್ಲಿಯವರೆಗೆ ಅವನನ್ನು ಕಾಯೋದು ನನ್ನ ಕೆಲಸ. ಯಾರಿಂದ ಅಂತ ಗೊತ್ತಿಲ್ಲದೆ ಹೇಗೆ ಕಾಯಲಿ?”

“ಅಣ್ಣ ನಿಮಗೆ ಒಂದು ಸುಳ್ಳು ಹೇಳವ್ನೆ ಮೇಡಂ. ರಸ್ತೇಲಿ ನಿಂತಿದ್ದೆ, ಕಾರು ಹೋಯ್ತು ಅಂದ್ನಲ್ಲ? ಅವ್ನು ರಸ್ತೇಲಿರ್ಲಿಲ್ಲ. ಕಾರೊಳಗಿದ್ದ. ಸಿರಾ ಪ್ರೋಗ್ರಾಂ ಮುಗಿಸ್ಕಂಡು, ಸಿಂಬಲ್ ಬ್ಯಾಗ್ ತೊಡೆ ಮೇಲಿಟ್ಕಂಡು ಹಿಂದಿನ ಸೀಟಲ್ಲಿ ಕೂತಿದ್ದ.”

“ಯಾರ ಕಾರು?”

“ನಾಗಭೂಷಣಣ್ಣಂದು.”

ವನಜಾಕ್ಷಿಯ ಕಣ್ಣು ಮಂಟಪದ ಬಾಗಿಲಿನ ಕಡೆಗೆ ಹೋಯಿತು.

“ಓಡಿಸ್ತಿದ್ದೋನೂ ಅವ್ನೇ. ಬಾಯಿ ಬಿಟ್ರೆ ಆ ಮುದುಕನ ಪಕ್ಕದಲ್ಲೇ ಮಲಗಿಸ್ತೀನಿ ಅಂದಿದ್ದ. ಎರಡು ದಿನ ಆದ್ಮೇಲೆ ಮನೀಗ್ ಬಂದು ಅವ್ವನ ಕೈಲಿ ಮುದ್ದೆ ಉಂಡು ಹೋದ, ಏನೂ ಆಗೇ ಇಲ್ಲ ಅನ್ನಂಗೆ. ಅಣ್ಣ ಕೋರ್ಟಿಗೆ ಹೋಗ್ತಾನೆ ಅನ್ನೋದು ಅವ್ನಿಗೆ ಹೆಂಗೋ ಗೊತ್ತಾಗೋಯ್ತು. ಶನಿವಾರದಿಂದ ಮನೆ ಮುಂದೇನೇ ಅವ್ನ ಕಾರು. ಅದ್ಕೇ ಈ ಆಟ ಹೂಡಿದ್ವಿ. ನೋಡಿ, ಎರಡು ದಿನ ಬೆಂಗ್ಳೂರಲ್ಲೇ ಹುಡುಕ್ತಾ ಇದ್ನಂತೆ.” ಅವಳು ತಲೆಯೆತ್ತಿದಳು. ವನಜಾಕ್ಷಿಯ ಮುಖದಲ್ಲಿ ಏನನ್ನು ಕಂಡಳೋ, ಮಾತನ್ನು ಅಲ್ಲೇ ನಿಲ್ಲಿಸಿದಳು. “ಯಾಕ್ ಮೇಡಂ?”

“ಅಣ್ಣ ಎಲ್ಲಿದಾನೆ?”

“ತಿರುಮಣಿ ಹತ್ರ, ಮೂಡಲಗಿರಿಯಪ್ಪ ಮಾವನ ಹಟ್ಟೀಲಿ. ಅವ್ವನ ತಮ್ಮ. ಸೋಲಾರ್ ಪ್ಲಾಂಟ್ ಬೇಲಿ ಗುಂಟ ಕುರಿ ಮೇಯಿಸ್ತಾರೆ, ಅಣ್ಣ ಜತೇಗಿರ್ತಾನೆ. ಯಾರಿಗೂ ಗೊತ್ತಿಲ್ಲ, ಅವ್ವಂಗೂ ಹೇಳಿಲ್ಲ.”

“ನಿಮ್ಮವ್ವನಿಗೆ ಅವನು ಇಲ್ಲಿಗೆ ಬಂದೇ ಇಲ್ಲ ಅಂತ ಗೊತ್ತಾದರೆ?”

“ಗೊತ್ತಾದ್ರೆ ಇನ್ನೇನು, ನೇರ ಅಲ್ಲೀಗೇ ಹೋಗ್ತಾಳೆ. ಅಣ್ಣ ಚಿಕ್ಕಂದ್ರಿಂದ ಮುನಿಸ್ಕಂಡ್ರೂ ಅಲ್ಲೀಗೇ, ಹೆದ್ರುದ್ರೂ ಅಲ್ಲೀಗೇ. ಅದ್ಕೇ ಹೇಳ್ಲಿಲ್ಲ. ಇಲ್ಲಿಂದ ಕಾಣೆಯಾದ ಅನ್ಕಂಡಿರೋಗಂಟ ಅವ್ವ ಅತ್ತ ಯೋಚ್ನೆ ಮಾಡಲ್ಲ.” ದಿವ್ಯಾ ಎದ್ದು ನಿಂತಳು. “ನೀವು ಹೇಳಿದ್ರಾ? ಅವ್ವ ಎಲ್ಲಿ ಮೇಡಂ?”

ಗೋಡೆಯ ಗಡಿಯಾರದಲ್ಲಿ ಎರಡು ಗಂಟೆಗೆ ಹತ್ತು ನಿಮಿಷ ಇತ್ತು. ಹನ್ನೊಂದೂವರೆಯಿಂದ ಎರಡು ಗಂಟೆ ಇಪ್ಪತ್ತು ನಿಮಿಷ. ಕೊರಟಗೆರೆ, ಮಧುಗಿರಿ, ಮಿಡಿಗೇಶಿ, ಪಾವಗಡ, ತಿರುಮಣಿ. ಸುಮಾರು ನೂರು ಕಿಲೋಮೀಟರ್. ಲೆಕ್ಕ ಮಾಡುವ ಅಗತ್ಯವೇ ಇರಲಿಲ್ಲ, ಆದರೂ ಅವಳ ತಲೆ ಎರಡು ಸಲ ಮಾಡಿತು.

“ನಿಮ್ಮವ್ವನ ಹತ್ತಿರ ಫೋನ್ ಇದೆಯಾ?”

“ಚಿಕ್ಕದೊಂದೈತೆ. ಯಾಕೆ? ಎಲ್ಲವ್ಳೆ ಅವ್ವ?”

“ಮಾಡು. ಸ್ಪೀಕರ್ ಹಾಕು. ನಾಗಭೂಷಣನ ಹೆಸರೆತ್ತಬೇಡ. ನಿಮ್ಮವ್ವ ಇರೋದು ಅವನ ಕಾರಲ್ಲೇ.”

ದಿವ್ಯಾ ನಂಬರು ಒತ್ತುತ್ತಿದ್ದಾಗ ವನಜಾಕ್ಷಿ ತನ್ನ ಫೋನಿನಲ್ಲಿ ಕಂಟ್ರೋಲ್ ರೂಮಿಗೆ ಮಾತಾಡುತ್ತಿದ್ದಳು: ತಿರುಮಣಿ, ಸೋಲಾರ್ ಪ್ಲಾಂಟಿನ ಬೇಲಿ, ಬೂದು ಬಣ್ಣದ ಕಾರು, ಹತ್ತಿರದ ಯಾವ ಗಾಡಿಯಾದರೂ ಸರಿ, ಈಗಲೇ.

ಮೊದಲ ಸಲ ರಿಂಗ್ ಆಗಿ ನಿಂತಿತು. ಎರಡನೆಯ ಸಲವೂ.

ಮೂರನೆಯ ಸಲ ಭೀಮಕ್ಕನ ದನಿ ಬಂತು. ಮಾತು ಮಗಳೊಂದಿಗಲ್ಲ, ಕುರಿ ಮಂದೆ ಎತ್ತ ಹೋಯಿತೆಂದು ಕಿಟಕಿಯಾಚೆ ಯಾರನ್ನೋ ತವರಿನ ತೆಲುಗಿನಲ್ಲಿ ಕೂಗಿ ಕೇಳುತ್ತಿದ್ದಳು. “ಮಂದ ಎಟು ಪೋಯಿಂದಯ್ಯಾ? ಮೂಡಲಗಿರಿಯಪ್ಪ ಮಂದ!”

“ಅವ್ವಾ! ಅವ್ವಾ, ನಾನು!”

“ಯಾರು, ದಿವ್ಯಾನಾ? ಲೇ ದಿವ್ಯಾ, ನಾನು ತಿರುಮಣಿಗೆ ಬಂದ್ಬುಟ್ಟೆ ಕಣೇ! ನಿಮ್ಮಣ್ಣ ಇಲ್ಲೇ ಅವ್ನೆ ಅಂತ ನನ್ ಕರುಳು ಹೇಳ್ತೈತೆ. ನಾಗಣ್ಣ ನೋಡು, ಮನೆ ದಾರಿ ಬುಟ್ಟು ಇಲ್ಲೀಗಂಟ ಕರ್ಕಬಂದವ್ನೆ. ಎಂಥಾ ಪುಣ್ಯಾತ್ಮ.”

“ಅವ್ವಾ, ಹುಷಾರಿಲ್ಲ ಅನ್ನು, ವಾಂತಿ ಬತ್ತೈತೆ ಅನ್ನು. ಪಾವಗಡಕ್ಕೆ ವಾಪಸ್ ಹೋಗಿ. ಅಣ್ಣ ಅಲ್ಲಿಲ್ಲ.”

“ಏನ್ ಹುಷಾರಿಲ್ಲ? ಗುಂಡ್ಕಲ್ಲಂಗಿವ್ನಿ. ಯಾಕೇ ಅಳ್ತೀಯ?” ಗಾಳಿಯ ಸದ್ದು. ಕುರಿಗಳ ದನಿ, ದೂರದಿಂದ, ಮತ್ತೆ ಹತ್ತಿರದಿಂದ. “ಅಗೋ... ಅಗೋ ಕಣೇ! ಆ ನೀಲಿ ಪಟ್ಟೆ ಜಮಖಾನ ಹೆಗಲ ಮ್ಯಾಲೆ ಹಾಕ್ಕಂಡು ನಿಂತವ್ನೆ ನನ್ ಮಗ! ಅಂಜಿನೀ! ಲೇ ಅಂಜಿನೀ!”

“ಕರೀಬ್ಯಾಡ ಅವ್ವಾ! ಕರೀಬ್ಯಾಡ!”

“ನೋಡ್ದ! ನನ್ನ ನೋಡ್ದ! ಓಡ್ ಬತ್ತಾವ್ನೆ ಕಣೇ...”

ಕಾರು ನಿಂತಿತು. ಇಂಜಿನ್ ನಿಲ್ಲಲಿಲ್ಲ.

“ನಾಗಣ್ಣ, ಇಳೀತೀನಿ. ಬಾಗ್ಲು ತೆಗ್ಯಾಕ್ ಬತ್ತಿಲ್ಲ, ಹೆಂಗಪ್ಪ ತೆಗ್ಯೋದು ಇದ್ನ?”

ಆಗ ಫೋನಿನಲ್ಲಿ ನಾಗಭೂಷಣನ ದನಿ ಮೊದಲ ಬಾರಿಗೆ ಕೇಳಿಸಿತು. ಮೈಕಿನ ಮುಂದೆ ನಿಂತಷ್ಟೇ ನಯವಾಗಿ, ಅವಸರವಿಲ್ಲದೆ.

“ನೀವು ಕೂತೇ ಇರಿ ಅವ್ವ. ಅವನೇ ಹತ್ರ ಬರ್ಲಿ.”